ಏನೂ ಕೊಡದ ಗುಂಪು

ನವನಗರದ ಕಾಲೇಜಿನ ಹಿಂದ, ಜನರೇಟರ್ ಖೋಲಿ ದಾಟಿದರ
ನಮ್ಮ ಇಲಿಮನಿ. ಕಿಟಕಿಗೆ ಕರಿ ಬಣ್ಣ.
ಒಳಗ ಹನ್ನೆರಡು ತಾಸು ಹಗಲು, ಹನ್ನೆರಡು ತಾಸು ರಾತ್ರಿ,
ಗಡಿಯಾರ ಹೇಳಿದಂಗ.
ಎ.ಸಿ. ಕೆಟ್ಟ ದಿನ ರಾಜೇಸಾಬ ನದಾಫ
ತನ್ನ ಟಾವೆಲ್ಲು ತೋಯಿಸಿ ಪಂಜರಕ್ಕ ಹೊಚ್ಚತಿದ್ದ,
ರಜಿಸ್ಟರಿನಾಗ ಅದನ್ನ ಬರೀತಿರಲಿಲ್ಲ.

ಮೊಣಕಾಲ ನೋವಿಗೆ ಯಾವುದೋ ಬೇರಿನ ಪುಡಿ. ಎರಡು ವರ್ಷದ ಪರೀಕ್ಷಾ.
ಮೂರು ಗುಂಪಿಗೆ ಪುಡಿ: ಸಣ್ಣ ಅಳತಿ, ನಡುವಿಂದು, ದೊಡ್ಡದು.
ನಾಲ್ಕನೇದಕ್ಕ ಏನೂ ಇಲ್ಲ. ಬರೇ ಅಂಟಿನ ನೀರು.
ಬಿಳಿ ಮೈ, ಕೆಂಪು ಕಣ್ಣು, ಹೊಟ್ಟಿ ತುಂಬ ಕಾಳು.
ಬೆಕ್ಕಿಲ್ಲ, ಬಿಸಲಿಲ್ಲ, ಗಂಡಿಲ್ಲ.
ಸುಖ ಅಂದರ ಇದೇ ಇರಬೇಕು ಅಂದುಕೊಂಡಿದ್ದೆ.

ತೊಂಬತ್ತೊಂದನೇ ವಾರ ರಾಜೇಸಾಬ ಬಾಗಲದಾಗ ನಿಂತ,
ಒಳಗ ಬರಲಿಲ್ಲ.
"ಅಕ್ಕಾರ, ಹದಿನೇಳನೇ ನಂಬರಿಗೆ ಹಾಲು ಬಂದೈತ್ರಿ."
"ಅದು ಗಂಡನ್ನ ನೋಡೇ ಇಲ್ಲಲ್ಲಪಾ."
"ಅದಕ್ಕ ಹೇಳಾಕ ಬಂದೆ."

ಕೈಯಾಗ ತಗೊಂಡೆ. ಮುದುಕಿ. ಬೆನ್ನಿನ ಕೂದಲು ಹಳದಿ,
ಕಣ್ಣಿನ ಸುತ್ತ ಕೆಂಪು ಕಸರು. ತಲಿ ಎಡಕ್ಕ ವಾಲಿತ್ತು,
ಗ್ವಾಡಿ ಆಚಿ ಯಾರೋ ಮಾತಾಡೋದನ್ನ ಕೇಳೋ ಹಂಗ.
ಒತ್ತಿದರ ಬೆರಳ ತುದಿಗೆ ಒಂದು ಬಿಳಿ ಹನಿ.
ಕೈಗವಸಿನ ಮ್ಯಾಲೆ ಹಂಗ ಕೂತಿತ್ತು. ನಾ ಒರಸಲಿಲ್ಲ.

ಮೂವತ್ತೊಂದನೇ ವಯಸ್ಸಿಗೆ ನನಗೂ ಬಂದಿತ್ತು.
ಹಡದಿರಲಿಲ್ಲ. ಹೊಟ್ಟೀಲೆ ಇರಲಿಲ್ಲ.
ಕುಪ್ಪಸ ತೋಯ್ದದ್ದು ನೋಡಿ ನಮ್ಮತ್ತಿ ಏನೂ ಕೇಳಲಿಲ್ಲ,
ಮೂರು ದಿನ ತಾಟು ನೆಲದ ಮ್ಯಾಲೆ ಸರಿಸಿದಳು, ಕೈಗೆ ಕೊಡಲಿಲ್ಲ.
ಗಂಡ ಗುಳೇದಗುಡ್ಡಕ್ಕ ಫೋನ್ ಹಚ್ಚಿ ಅವ್ವನ್ನ ಕೇಳಿದ:
ನಿಮ್ಮ ಹುಡುಗಿ ಏನರ ಮುಚ್ಚಿಟ್ಟಾಳೇನು?
ವಿಜಯಪುರದ ಸ್ಕ್ಯಾನಿನ ಕೊಳವಿಯೊಳಗ ಇಪ್ಪತ್ತು ಮಿನಿಟು
ಖಟ್ ಖಟ್ ಖಟ್. ಅವ್ವನ ಮಗ್ಗ ನೆನಪಾತು.
ಡಾಕ್ಟರು ಪೆನ್ನಿನ ತುದೀಲೆ ತೋರಿಸಿದರು: ಮೂಗಿನ ಹಿಂದ, ಮಿದುಳಿನ ಕೆಳಗ,
ಪಿಟ್ಯುಟರಿ. ಜ್ವಾಳದ ಕಾಳಿನಷ್ಟು ಗಂಟು. ಕ್ಯಾನ್ಸರ್ ಅಲ್ಲ.
"ಯಾಕ ಬಂತ್ರಿ?"
"ತಾನಾಗೇ ಬರತದವ್ವಾ."
ವಾರಕ್ಕ ಎರಡು ಗುಳಿಗಿ. ಗಂಟು ಕರಗಿತು, ಹಾಲು ಬತ್ತಿತು.
ಮನಿಯೊಳಗಿನ ಮಾತು ಅಷ್ಟು ಲಗೂನ ಬತ್ತಲಿಲ್ಲ.

ಹದಿನೇಳಕ್ಕ ಗುಳಿಗಿ ಕೊಡೋಹಂಗಿಲ್ಲ.
ಅದು ಏನೂ ಕೊಡದ ಗುಂಪು.
ಕೊಟ್ಟರ ಎರಡು ವರ್ಷದ ಲೆಕ್ಕ ಕೆಡತೈತಿ.
ಅವತ್ತು ಎರಡು ಸಲ ಪರ್ಸಿನ ಝಿಪ್ ತಗದೆ, ಹಾಕಿದೆ.
ಹಳೇ ಪಟ್ಟಿಯೊಳಗ ಒಂದು ಉಳದಿತ್ತು,
ತಾರೀಖು ಮುಗದದ್ದು.

ತೊಂಬತ್ತಾರನೇ ವಾರ ಅದು ತಾನೇ ಹೋತು.
ಹಂಚಾಟೆ ಮೇಡಂ ತಲಿಬುರಡಿ ಬಿಚ್ಚಿದರು.
ಸಾಸಿವಿಯಷ್ಟು ಇರಬೇಕಾದ್ದು ನೆನಸಿದ ಕಡ್ಲಿಯಷ್ಟಾಗಿ
ಮಿದುಳಿನಾಗ ತಗ್ಗು ಮಾಡಿಕೊಂಡು ಕೂತಿತ್ತು, ಕಡುಗೆಂಪು.
"ಎಷ್ಟ ಚಂದ ಬಂದೈತಿ ನೋಡು" ಅಂದರು.
ಅವರಿಗೆ ನಾ ಏನೂ ಹೇಳಿಲ್ಲ.

ಫಾರ್ಮಲಿನ್ನು, ಮೇಣ, ಆಮ್ಯಾಲೆ ನನ್ನ ಬ್ಲೇಡು.
ಐದು ಮೈಕ್ರಾನಿನ ಪಟ್ಟಿ ಬೆಚ್ಚನ್ನ ನೀರಿನ ಮ್ಯಾಲೆ ತೇಲಿತು,
ಸುಕ್ಕು ಬಿಡಿಸಿ ಗಾಜಿಗೆ ಎತ್ತಿಕೊಂಡೆ.
ನೀಲಿ ಹಾಕಿ ತೊಳದೆ, ಗುಲಾಬಿ ಹಾಕಿ ತೊಳದೆ.
ಬಣ್ಣ ಹಿಡಸೋದು ತವರುಮನಿ ಕಲಿಸಿದ ಕೆಲಸ.
ಕಣ್ಣಿಟ್ಟರ ಒಂದೇ ನಮೂನಿ ಕೋಶ, ಒಂದರ ಮಗ್ಗಲಿಗೊಂದು,
ಎಳಿ ಬಿಡಲಾರದ ಒತ್ತಿದ ನೇಯ್ಗಿ, ನಡುನಡುವ ರಕ್ತದ ಹೊಂಡ.
ನಂದೂ ಹಿಂಗ ಇತ್ತೇನು?
ಕರಗಿದ್ದಕ್ಕ ಸ್ಲೈಡ್ ಇರೂದಿಲ್ಲ.

ಲೆಕ್ಕ ಬಂತು. ದೊಡ್ಡ ಅಳತಿ ತಿಂದ ಇಪ್ಪತ್ತು ಹೆಣ್ಣಿನಾಗ ಒಂಬತ್ತಕ್ಕ ಗಂಟು.
ಏನೂ ತಿನ್ನದ ಇಪ್ಪತ್ತರಾಗ ಎಂಟಕ್ಕ.
ಫರಕ್ ಇಲ್ಲ. ಪುಡಿಗೆ ಬಿಡುಗಡಿ.
ಆ ಎಂಟಕ್ಕ ವರದಿಯೊಳಗ ಒಂದೇ ಶಬ್ದ: ಹಿನ್ನೆಲೆ.
ಟೈಪ್ ಮಾಡುವಾಗ ನನ್ನ ಬೆರಳು ಹಿನ್ನೀರು ಅಂತ ಹೊಡೀತು.
ಆಗಸ್ಟ್ ಬಂದರ ಹಳೇ ಬಾಗಲಕೋಟಿ ಓಣಿಗೆ ಏರತೈತಲ್ಲ, ಆ ನೀರು.
ಅದಕ್ಕರ ಒಂದು ಡ್ಯಾಮ್ ಐತಿ, ಬೈಯಾಕ.
ಅಳಿಸಿ ಮತ್ತ ಹೊಡದೆ.

ಸಂಜೀಕ ರಾಜೇಸಾಬ ಪಂಜರ ತೊಳೀತಿದ್ದ.
"ಯಾರ ತಪ್ಪು ಅಂತ ಬಂತ್ರಿ ಅಕ್ಕಾರ?"
"ಯಾರದೂ ಅಲ್ಲ."
ಹೂಂ ಅಂದ. ಬ್ರಶ್ ತಗೊಂಡು ನಂಬರ್ ತಿಕ್ಕಿದ.
ಒಂದು ಹೋತು.
ಏಳು ಹೋಗಲಿಲ್ಲ.